ಅವ್ವನ ಕೈಯ ಮುಟಗಿ

ನಮ್ಮೂರಿನ ನೀರಿನಲ್ಲೇ ವಾದ ಇದೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು ಎಂದು ಬಹಳ ಮಂದಿ ಪಂಡಿತರು ಹೇಳುತ್ತಾರೆ. ಅಲ್ಲ, ಸುರಪುರ ಸೀಮೆಯ ನಮ್ಮ ದೇವಾಪುರದವನೇ ಎಂದು ಹಟ ಹಿಡಿದವರೂ ಇದ್ದಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷದ ಮೇಲೆ ಕನ್ನಡ ಪಾಠ ಹೇಳಿದ ನಾನು, ಲಕ್ಷ್ಮೀಶನ ಪದ್ಯ ಬಂದಾಗಲೆಲ್ಲ ಪುಸ್ತಕ ಮುಚ್ಚಿಟ್ಟು, ಮೀಸೆಯ ಮೇಲೆ ಕೈಯಾಡಿಸಿ, "ಇಂವ ನಮ್ಮಾಂವ" ಎಂದು ತೀರ್ಪು ಕೊಟ್ಟೇ ಮುಂದಕ್ಕೆ ಹೋಗುತ್ತಿದ್ದೆ. ಪುರಾವೆ ಕೇಳಿದ ಹುಡುಗನಿಗೆ ಬೆಂಚಿನ ಮೇಲೆ ನಿಲ್ಲುವ ಅವಕಾಶ ಸಿಗುತ್ತಿತ್ತು. ಮುಟಗಿಯ ವಿಷಯದಲ್ಲೂ ನನ್ನದು ಇದೇ ಪದ್ಧತಿ. ಆದರೆ ನಮ್ಮ ಮನೆಯಲ್ಲಿ ಬೆಂಚು ಇರಲಿಲ್ಲ. ಇದ್ದಿದ್ದರೂ ನಮ್ಮಾಕಿ ಅದರ ಮೇಲೆ ನಿಲ್ಲುವವಳಲ್ಲ.

ಮುಟಗಿ ಎಂದರೇನೆಂದು ತುಂಗಭದ್ರೆಯ ಆಚೆಯವರಿಗೆ ಹೇಳಬೇಕು. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿಯನ್ನು ಹರಿದು ಒಳ್ಳಿಗೆ ಹಾಕಬೇಕು. ಬಳ್ಳೊಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಕೂಡಿಸಿ ಕುಟ್ಟಬೇಕು. ಮೇಲೆ ಒಂದಿಷ್ಟು ಕುಸುಬಿ ಎಣ್ಣೆ ಬಿಟ್ಟು, ಮುಟಗಿಯಲ್ಲಿ, ಅಂದರೆ ಮುಷ್ಟಿಯಲ್ಲಿ, ಹಿಡಿದು ಒತ್ತಬೇಕು. ಅಷ್ಟೇ. ಐದು ಬೆರಳಿನ ಅಚ್ಚು ಬಿದ್ದ ಒಂದು ಉಂಡೆ. ತಾಟು ಬೇಡ, ಪಲ್ಯ ಬೇಡ, ಕೂತು ತಿನ್ನಬೇಕೆಂಬ ಕಟ್ಟಳೆಯೂ ಇಲ್ಲ. ಹುಡುಗ ಅತ್ತರೆ ಮುಟಗಿ, ಜ್ವರ ಬಿಟ್ಟರೆ ಮುಟಗಿ, ಮಳೆ ಹಿಡಿದು ಸಂತೆಗೆ ಹೋಗಲಾಗದಿದ್ದರೆ ಮುಟಗಿ. ಮದುವೆಯ ಊಟದಲ್ಲಿ ಇದಕ್ಕೆ ಜಾಗವಿಲ್ಲ. ಬೀಗರು ಬಂದಾಗ ಯಾರೂ ಇದನ್ನು ಮಾಡುವುದಿಲ್ಲ, ಮಾಡಿದರೆ ಬೀಗತನ ಉಳಿಯುವುದಿಲ್ಲ.

ಇಂಥ ಬಡಪಾಯಿ ತಿನಿಸಿನ ಮೇಲೆ ನಾನು ನನ್ನ ಸಂಸಾರದ ಮೂವತ್ತಮೂರು ವರ್ಷಗಳ ಅಸಮಾಧಾನವನ್ನು ಕಟ್ಟಿದ್ದೆ.

1990ರಲ್ಲಿ ಮದುವೆಯಾದ ಹೊಸದರಲ್ಲೇ ನಮ್ಮಾಕಿ ಮುಟಗಿ ಮಾಡಿ ಕೊಟ್ಟಳು. ನಾನು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಛಂದಸ್ಸು ಹಿಡಿಯುವವನಂತೆ ತಲೆಯಾಡಿಸಿ ಹೇಳಿದೆ: "ಛಲೋ ಅದ, ಆದ್ರ..."

ಆ 'ಆದ್ರ' ಮುಂದೆ ನಮ್ಮ ಮನೆಯಲ್ಲಿ ಕಾಯಂ ಆಗಿ ಉಳಿಯಿತು. ಆದ್ರ ಅವ್ವನ ಕೈಯ ರುಚಿ ಬರಲಿಲ್ಲ. ಏನು ಕಡಿಮೆ ಎಂದು ಆಕೆ ಕೇಳಿದರೆ ನನ್ನ ವರ್ಣನೆ ಶುರು: ಅವ್ವನ ಮುಟಗಿಗೆ ಒಂದು ಹೊಗೆಯ ವಾಸನೆ ಇರುತ್ತಿತ್ತು, ತುತ್ತು ನುಂಗುವಾಗ ಗಂಟಲ ಹತ್ತಿರ ಒಂದು ತೆಳ್ಳಗಿನ ಕಹಿ, ಹಲ್ಲಿಗೆ ಸಿಕ್ಕೂ ಸಿಗದಂಥ ತರಿ. ಅದು ಸಂಸ್ಕಾರದಿಂದ ಬರುವಂಥದ್ದು, ಕಲಿಸಿ ಬರುವುದಲ್ಲ ಎಂದೂ ಒಮ್ಮೆ ಹೇಳಿದ್ದೆನಂತೆ. ಇದು ನನಗೆ ನೆನಪಿಲ್ಲ, ಆಕೆಗೆ ತಾರೀಖಿನ ಸಮೇತ ನೆನಪಿದೆ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು, ಹಾಗಾಗಿ ನನ್ನ ಮಾತಿಗೆ ಎದುರು ಸಾಕ್ಷಿಯೂ ಇರಲಿಲ್ಲ. ನಮ್ಮಾಕಿ ಆ 'ಆದ್ರ'ಕ್ಕೆ ಅತ್ತಿ ಸರ್ಟಿಫಿಕೇಟು ಎಂದು ಹೆಸರಿಟ್ಟಳು. ಮಕ್ಕಳು ಕೂಡ ತಾಟಿನ ಮುಂದೆ ಕೂತು, "ಅವ್ವಾ, ಇವತ್ತು ಸರ್ಟಿಫಿಕೇಟ್ ಬಂತೇನು?" ಎಂದು ಕೇಳುತ್ತಿದ್ದರು. ಬರುತ್ತಿರಲಿಲ್ಲ.

ಆಕೆ ಪ್ರಯತ್ನ ಮಾಡಲಿಲ್ಲವೆಂದಲ್ಲ. ಗ್ಯಾಸಿನ ಒಲೆಯದು ತಪ್ಪು ಎಂದೆ; ಹಿತ್ತಲಲ್ಲಿ ಕಟ್ಟಿಗೆಯ ಒಲೆ ಹೂಡಿದಳು. ಕಟ್ಟಿಗೆ ಜಾಲಿಯದು, ನಮ್ಮವ್ವ ತೊಗರಿ ಕಟ್ಟಿಗೆ ಹಾಕುತ್ತಿದ್ದಳು ಎಂದೆ. ರಾಶಿ ಮುಗಿದ ಹೊಲಗಳಿಂದ ತೊಗರಿ ಕಟ್ಟಿಗೆಯ ಹೊರೆ ಬಂದು ಬಿತ್ತು. (ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಕಟ್ಟಿಗೆಯ ಉರಿಯಲ್ಲಿ ಕಣ್ಣು ಕೆಂಪಾದ ಹೆಂಗಸರಿಗೆ ಯಾರೂ ಯಾವ ಗುರುತನ್ನೂ ಕೊಟ್ಟಿಲ್ಲ.) ಹಂಚು ಕಬ್ಬಿಣದ್ದು, ಮಣ್ಣಿನದಾಗಬೇಕಿತ್ತು ಎಂದೆ, ಸುರಪುರದ ಸಂತೆಯಿಂದ ಮಣ್ಣಿನ ಹಂಚು ಬಂತು, ಎರಡೇ ದಿನಕ್ಕೆ ಒಡೆಯಿತು, ಮತ್ತೊಂದು ಬಂತು. ನೀರು ಬೋರಿನದು ಎಂದೆ. ಆಗ ಮಾತ್ರ ಆಕೆ ನನ್ನ ಕೈಗೆ ಕೊಡ ಕೊಟ್ಟು, ಬಾವಿ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಿದಳು. ನೀರಿನ ಮೇಲಿನ ಆಪಾದನೆಯನ್ನು ನಾನು ಅಂದೇ ವಾಪಸ್ ಪಡೆದೆ.

ಕೊನೆಗೆ ಉಳಿದದ್ದು ಜೋಳ. ಇಲ್ಲಿ ನನ್ನ ಕೈಗೆ ದೊಡ್ಡ ಆಧಾರಗಳೇ ಸಿಕ್ಕವು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ 1982ರಲ್ಲಿ ಪೂರ್ಣವಾಯಿತು. ಎಡದಂಡೆ ಕಾಲುವೆಯ ನೀರು ಹರಿದುಬಂದದ್ದೇ ತಡ, ಸುರಪುರ ತಾಲ್ಲೂಕಿನ ಜೋಳದ ಎರೆಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು. ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವುಗಳು ಮುಚ್ಚಿಹೋದವು; ಅವುಗಳ ಮೇಲೆ ಈಗ ಮೋಟಾರ್ ಸೈಕಲ್ ನಿಲ್ಲುತ್ತವೆ. ರೊಟ್ಟಿ ತಿನ್ನುವ ಊರು ಅನ್ನ ಬೆಳೆಯುವ ಊರಾಯಿತು. "ನೋಡು, ಅವ್ವನ ರುಚಿ ಹೋಗಿದ್ದು ಸರ್ಕಾರದ ನೀರಾವರಿ ಯೋಜನೆಯಿಂದ" ಎಂದು ನಾನು ಹೇಳಿದೆ. ತಪ್ಪು ತನ್ನದಲ್ಲ, ಅಣೆಕಟ್ಟಿನದು ಎಂದು ತಿಳಿದು ಆಕೆಗೆ ಸಮಾಧಾನವಾಗಬಹುದೆಂದು ಭಾವಿಸಿದ್ದೆ. ಆಗಲಿಲ್ಲ.

ಬೇಕಾದದ್ದು ಮಾಲದಂಡಿ ಜೋಳ ಎಂದು ನಾನೇ ಸಂಶೋಧನೆ ಮಾಡಿದೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ನಾಡತಳಿಯಿಂದ ಆಯ್ದು ತೆಗೆದ ಜೋಳ ಅದು, ಕಾಗದದ ಮೇಲೆ ಅದರ ಹೆಸರು ಎಂ 35-1. ಮುತ್ತಿನಂಥ ಕಾಳು, ಹಿಂಗಾರಿಯ ಬೆಳೆ, ಇಬ್ಬನಿಯ ತಂಪು ಕುಡಿದೇ ಬೆಳೆಯುತ್ತದೆ. ಅಂಥದೊಂದು ಚೀಲ ತರಿಸಿದೆ. ರೊಟ್ಟಿ ಬೆಳ್ಳಗೆ ಅರಿವೆಯಂತಾಯಿತು. ಮುಟಗಿ ಬೆಣ್ಣೆಯಂತಾಯಿತು. ನಾನು ಕಣ್ಣು ಮುಚ್ಚಿದೆ. ಮಕ್ಕಳು ಉಸಿರು ಬಿಗಿಹಿಡಿದರು.

"ಛಲೋ ಅದ," ಎಂದೆ. "ಆದ್ರ..."

ಅಂದಿನಿಂದ ಆರು ತಿಂಗಳು ನಮ್ಮ ಮನೆಯಲ್ಲಿ ಮುಟಗಿ ಆಗಲಿಲ್ಲ.

ನಾನು ನಿವೃತ್ತನಾದ ಮರುವರ್ಷ, ಅಂದರೆ 2023, ವಿಶ್ವಸಂಸ್ಥೆ ಸಾರಿದ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಸಿರಿಧಾನ್ಯದ ಪಟ್ಟಿಯಲ್ಲಿ ಜೋಳವೂ ಇತ್ತು. ಅದೇ ಹೊತ್ತಿಗೆ ನನ್ನ ರಕ್ತದಲ್ಲಿ ಸಕ್ಕರೆ ಸಿಕ್ಕಿತು. ಡಾಕ್ಟರು ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿ ಎಂದರು. ಹುಟ್ಟಿದಂದಿನಿಂದ ಬಡವರ ಊಟವೆಂದು ತಿಂದದ್ದನ್ನು ಈಗ ಔಷಧವೆಂದು ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, "ಅಪ್ಪಾ, ಇಲ್ಲಿ ಕಡಕ್ ರೊಟ್ಟಿ ಪ್ಲಾಸ್ಟಿಕ್ ಪೊಟ್ಟಣದಾಗ ಬರ್ತದ, ಹಪ್ಪಳದ ಬಾಜೂಕ ಇಟ್ಟಿರ್ತಾರ" ಎಂದ. ನಮ್ಮಾಕಿ ಅದನ್ನು ಕೇಳಿ ಬಹಳ ಹೊತ್ತು ನಕ್ಕಳು.

ಆ ವರ್ಷದ ಚಳಿಗಾಲದಲ್ಲಿ ಆಕೆಯ ತಮ್ಮನ ಮಗಳ ಕುಬಸ ಬಂತು. ತವರು ಶಹಾಪುರ. ಶಹಾಪುರದ ಬೆಟ್ಟ ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಆ ಊರಿನ ಹೆಣ್ಣುಮಕ್ಕಳಿಗೆ ಅಡ್ಡಾದ ಗಂಡಸನ್ನು ನೋಡಿ ರೂಢಿ ಇರುತ್ತದೆಂಬ ಧೈರ್ಯದಿಂದಲೇ ನಾನು ಅಲ್ಲಿಯ ಸಂಬಂಧ ಒಪ್ಪಿದ್ದು. ಹೊರಡುವಾಗ ಆಕೆ ಹೇಳಿದಳು: "ಎಂಟು ದಿನಕ್ಕ ಸಾಕಾಗುವಷ್ಟು ಕಡಕ್ ರೊಟ್ಟಿ ಬಡದಿಟ್ಟೀನ್ರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿನಾಗ ಅದಾವ. ಒಲಿ ಮುಂದ ಮಾತ್ರ ಹೋಗಬ್ಯಾಡ್ರಿ."

ಆ ಕಡೆಯ ಮಾತು ಹೇಳಬಾರದಿತ್ತು.

ಆಕೆಯ ಬಸ್ಸು ಕಣ್ಮರೆಯಾದ ಅರ್ಧ ತಾಸಿನಲ್ಲಿ ನಾನು ಗಿರಣಿಯಲ್ಲಿದ್ದೆ. ರೊಟ್ಟಿಗೆ ಹೊಸ ಹಿಟ್ಟೇ ಬೇಕು, ಹಳೆಯದಕ್ಕೆ ಜಿಗಿ ಇರುವುದಿಲ್ಲ ಎಂಬಷ್ಟು ಜ್ಞಾನ ನನಗಿತ್ತು. ಗಿರಣಿಯವನು ನನ್ನ ಶಿಷ್ಯ. "ಯಾಕ್ ಸರ್, ಅಮ್ಮೋರಿಗಿ ಆರಾಮಿಲ್ಲೇನು?" ಎಂದ. ಆರಾಮಿದ್ದಾರೆ ಎಂದೆ. ಮತ್ತೆ ನೀವು ಯಾಕೆ ಬಂದಿರಿ ಎಂಬ ಪ್ರಶ್ನೆಯನ್ನು ಅವನು ಬಾಯಿಂದ ಕೇಳಲಿಲ್ಲ, ನನ್ನಿಂದಲೇ ಕಲಿತ ಮರ್ಯಾದೆ.

ಗೋದಿಗಿರುವ ಜಿಗುಟು ಜೋಳಕ್ಕಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ, ಹಿಟ್ಟನ್ನು ಅರೆಬರೆ ಬೇಯಿಸಿ, ಅಂಗೈಯ ಬುಡದಿಂದ ನಾದಿ ನಾದಿ ಅಂಟು ಬರಿಸಬೇಕು. ಇದನ್ನು ನಾನು ಆಕೆಗೆ ಎಷ್ಟೋ ಸಲ ವಿವರಿಸಿದ್ದೆ. ಆಕೆ ಅದನ್ನು ಕೇಳುತ್ತಲೇ ನಾದುತ್ತಿದ್ದಳು. ಈಗ ಪರಾತದಲ್ಲಿ ಹಿಟ್ಟು ಹಾಕಿ ಎಸರು ಸುರಿದೆ. ಅಂಬಲಿಯಾಯಿತು. ಹಿಟ್ಟು ಹಾಕಿದೆ. ಮರಳಿನ ಗುಡ್ಡೆಯಾಯಿತು. ಎಸರು ಹಾಕಿದೆ. ಕೈ ಹಾಕಿದೆ. ಕೈ ತೆಗೆದೆ. ಬಾಜೂ ಮನೆಯ ಮುದುಕಿ ಗ್ವಾಡಿಯ ಮೇಲಿಂದ ಇಣುಕಿ, "ಏನಾತ್ರಿ ಮಾಸ್ತರ್, ಚೇಳು ಕಡೀತೇನು?" ಎಂದು ಕೇಳಿದಳು. ಹೀಗೆ ಹಿಟ್ಟಿಗೆ ನೀರು, ನೀರಿಗೆ ಹಿಟ್ಟು ಆಗುತ್ತಾ ಆಗುತ್ತಾ, ಒಬ್ಬನ ಊಟಕ್ಕೆಂದು ಶುರುವಾದದ್ದು ತಿಂಥಣಿ ಮೌನೇಶ್ವರನ ಜಾತ್ರೆಗೆ ಸಾಕಾಗುವಷ್ಟಾಯಿತು.

ಬಡಿಯಲು ಕೂತೆ. ನಮ್ಮಾಕಿ ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತದೆ. ಕೈ ಸುಮ್ಮನೆ ತಾಳ ಹಾಕಿದಂತೆ ಕಾಣುತ್ತದೆ. ನನ್ನದು ತಿರುಗಲಿಲ್ಲ. ಎಲ್ಲಿ ಬಡಿದೆನೋ ಅಲ್ಲಿ ತೆಳುವಾಯಿತು, ಎಲ್ಲಿ ಬಿಟ್ಟೆನೋ ಅಲ್ಲಿ ದಿಬ್ಬ. ಸ್ವಲ್ಪ ಹೊತ್ತಿಗೆ ಹಳೆಯ ಗುಲಬರ್ಗಾ ಜಿಲ್ಲೆಯ ನಕಾಶೆ ಮೂಡಿತು. ಇನ್ನೆರಡು ಏಟಿಗೆ ಯಾದಗಿರಿ ಬೇರೆಯಾಯಿತು. ಸರ್ಕಾರ ಇದಕ್ಕಾಗಿ 2010ರ ಏಪ್ರಿಲ್ ತನಕ ಕಾಯಬೇಕಾಯಿತು, ನನಗೆ ಎರಡು ನಿಮಿಷ ಸಾಕಾಯಿತು. ಯಾದಗಿರಿಯನ್ನೇ ಎತ್ತಿಕೊಂಡು ಹಂಚಿಗೆ ಒಯ್ಯುವಷ್ಟರಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್ ಹೊಸ ತಾಲ್ಲೂಕುಗಳಾಗಿ ಉದುರಿದವು. ಸುರಪುರ ಒಲೆಯೊಳಗೆ ಬಿತ್ತು. ಹಂಚಿಗೆ ಮುಟ್ಟಿದ್ದು ಶಹಾಪುರವೊಂದೇ, ಅದೂ ತವರಿನ ಅಭಿಮಾನದಿಂದ ಹಂಚನ್ನು ಕಚ್ಚಿ ಹಿಡಿದು ಬಿಡಲೊಲ್ಲದು. ಮೇಲೆ ನೀರು ಸವರಲು ಒದ್ದೆ ಅರಿವೆ ಬೇಕೆಂದು ನೆನಪಾಯಿತು. ಅರಿವೆ ಹುಡುಕಿ ತರುವಷ್ಟರಲ್ಲಿ ಹೊಗೆ ಎದ್ದಿತ್ತು.

ಹನ್ನೊಂದು ರೊಟ್ಟಿ ಮಾಡಿದೆ. ರೊಟ್ಟಿ ಎಂದು ನಾನು ಕರೆಯುತ್ತೇನೆ. ಮೊದಲ ಎರಡನ್ನು ಎಮ್ಮೆಯ ಮುಂದಿಟ್ಟೆ. ಅದು ಮೂಸಿ ನೋಡಿತು, ನನ್ನ ಮುಖ ನೋಡಿತು, ಮತ್ತೆ ಮೂಸಿ, ಸಾಕಿದವನ ದಾಕ್ಷಿಣ್ಯಕ್ಕೆಂಬಂತೆ ಒಂದನ್ನು ತಿಂದಿತು. ಉಳಿದ ಒಂಬತ್ತನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಆಕೆಯ ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಅಡಗಿಸಿದೆ. ಪರಾತ ಎರಡು ದಿನ ನೀರಿನಲ್ಲಿ ನೆನೆಯಿತು. ಡಬ್ಬಿಯ ಶೇಂಗಾ ಹಿಂಡಿ, ಆಕೆ ಬಡಿದಿಟ್ಟ ಕಡಕ್ ರೊಟ್ಟಿ ತಿಂದು ಮಲಗಿದೆ. ರೊಟ್ಟಿ ಬಹಳ ಛಲೋ ಇತ್ತು. ಹೇಳಲು ಎದುರಿಗೆ ಯಾರೂ ಇರಲಿಲ್ಲವಾದ್ದರಿಂದ ಹೇಳಲಿಲ್ಲ.

ಸೋಲೊಪ್ಪಿಕೊಳ್ಳುವ ಮೊದಲು ಒಂದು ದಾರಿ ಉಳಿದಿತ್ತು. ತಿಂಥಣಿ ಸೇತುವೆಯ ಆಚೆ, ಲಿಂಗಸುಗೂರಿನಲ್ಲಿ, ನಮ್ಮಕ್ಕ ಇದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು. ಅವ್ವನ ಒಲೆಯ ಮುಂದೆ ಕೂತವಳು ಅವಳೊಬ್ಬಳೇ. ಇಷ್ಟು ವರ್ಷ ಅವಳನ್ನು ಯಾಕೆ ಕೇಳಲಿಲ್ಲ ಎಂದರೆ, ಪುರಾವೆ ಕೇಳುವ ಅಭ್ಯಾಸ ನನಗಿಲ್ಲ ಎಂದು ಮೊದಲೇ ಹೇಳಿದ್ದೇನೆ.

"ಅಕ್ಕಾ, ಅವ್ವ ಮುಟಗಿಗೆ ಏನ್ ಹಾಕ್ತಿದ್ಳು?"

"ಯಾವ ಮುಟಗಿ? ಎಲ್ರೂ ಹಾಕೋದೇ ಹಾಕ್ತಿದ್ಳು."

"ಹಂಗಲ್ಲ. ನಾ ಸಣ್ಣಾಂವ ಇದ್ದಾಗ ತಿಂದಿದ್ದು. ಹೊಗಿ ವಾಸನಿ ಬರ್ತಿತ್ತು ನೋಡು, ತುಸು ಕಹಿ, ತರಿ ತರಿ..."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು.

"ಏ ತಮ್ಮಾ, ಅದು ಅವ್ವನ ಮುಟಗಿ ಅಲ್ಲೋ. ಅವು ನಾ ಸುಟ್ಟ ರೊಟ್ಟಿ."

ನಮ್ಮ ಕಡೆ ರೊಟ್ಟಿ ಮಾಡುವುದಕ್ಕೂ ಸುಡುವುದೆಂದೇ ಅನ್ನುತ್ತೇವೆ. ಹಾಗಾಗಿ ಕೇಳಿದೆ: "ಸುಟ್ಟಿದ್ದು ಅಂದ್ರ, ನೀ ಮಾಡಿದ್ದಾ?"

"ಮಾಡಿದ್ದೂ ನಾನೇ, ಸುಟ್ಟು ಕರಕ ಮಾಡಿದ್ದೂ ನಾನೇ. ಬರಗಾಲ ಬಿದ್ದಿತ್ತಲ್ಲೋ, ಮರ್ತೇನು?"

1972ರ ಬರ. ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು. ಮಳೆ ಕೈಕೊಟ್ಟು ಹಗೇವು ಖಾಲಿಯಾಗಿತ್ತು. ಅಪ್ಪ, ಅವ್ವ ಇಬ್ಬರೂ ಬರಗಾಲದ ಕಾಮಗಾರಿಗೆ, ರಸ್ತೆಯ ಕಲ್ಲು ಒಡೆಯಲು, ನಸುಕಿನಲ್ಲೇ ಹೋಗುತ್ತಿದ್ದರು. ಒಲೆ ಅಕ್ಕನ ಪಾಲಿಗೆ ಬಂತು. ರೇಶನ್ನಿನಲ್ಲಿ ಕೊಡುತ್ತಿದ್ದದ್ದು ಅಮೆರಿಕದ ಕೆಂಪು ಜೋಳ, ಮೈಲೋ.

"ಅದಕ್ಕ ಜಿಗಿ ಅನ್ನೋದೇ ಇದ್ದಿದ್ದಿಲ್ಲ. ಬಡಿದ್ರ ಹರೀತಿತ್ತು, ಎತ್ತಿದ್ರ ಮುರೀತಿತ್ತು, ಹಂಚಿಗಿ ಹಾಕಿದ್ರ ಹತ್ಕೊಂಡು ಕುಂದರ್ತಿತ್ತು. ನಾ ಅಳ್ಕೋತ ಕೆತ್ತಿ ಕೆತ್ತಿ ತೆಗೀತಿದ್ದೆ. ಹೊಡ್ತ ತಿಂತೀನಂತ ಅವ್ವ ಅಪ್ಪಗ ತೋರಿಸ್ತಿದ್ದಿಲ್ಲ. ಚೆಲ್ಲಾಕ ಬರಂಗಿಲ್ಲ, ಕಾಳಿಲ್ಲ. ಒಳ್ಳಿಗಿ ಹಾಕಿ ಕುಟ್ಟಿ, ಕರಕ ವಾಸನಿ ಮುಚ್ಚಲಿ ಅಂತ ಬಳ್ಳೊಳ್ಳಿ ಹೆಚ್ಚಿಗಿ ಹಾಕಿ, ನಿನಗ ಕೊಡ್ತಿದ್ಳು. ನೀ ಏನ್ ಕೊಟ್ರೂ ತಿಂತಿದ್ದಿ."

"ಮತ್ತ ಅವ್ವ ತಾನಾಗೇ ಛಲೋ ಜೋಳದ್ದು ಮಾಡ್ತಿದ್ದಿಲ್ಲೇನು?"

"ಮಾಡ್ತಿದ್ಳು, ಬರ ಹೋದ ಮ್ಯಾಲ. ನಿನ್ನ ಹೇಣ್ತಿ ಮಾಡ್ತಾಳಲ್ಲ, ಥೇಟ್ ಹಂಗೇ ಇರ್ತಿತ್ತು."

ಫೋನು ಇಟ್ಟ ಮೇಲೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತೆ. ಅಮೆರಿಕದಲ್ಲಿ ಮೈಲೋ ಬೆಳೆಯುವುದೇ ಹೆಚ್ಚಾಗಿ ದನಕರುಗಳ ಮೇವಿಗೆ. ಅಂದರೆ ಶಹಾಪುರದ ಸುಗುಣೆಯೊಬ್ಬಳನ್ನು ಮದುವೆಯಾಗಿ, ಮೂವತ್ತಮೂರು ವರ್ಷ ಬೆಳ್ಳನೆ ರೊಟ್ಟಿ ತಿನ್ನುತ್ತಾ, ಹನ್ನೆರಡು ವರ್ಷದ ಹುಡುಗಿ ಕರಕು ಮಾಡಿದ ಅಮೆರಿಕದ ದನದ ಮೇವಿನ ರುಚಿ ಬರಲೊಲ್ಲದು ಎಂದು ನಾನು ಕೊರಗುತ್ತಿದ್ದೆ. ಸಂಸ್ಕಾರ ಬೇಕು ಎಂದೂ ಹೇಳಿದ್ದೆ. ಕಲ್ಲು ಒಡೆದು ಬಂದ ಅವ್ವನ ಅಂಗೈ ತುಂಬ ಆಗ ಬೊಬ್ಬೆ ಎದ್ದಿರುತ್ತಿದ್ದವು ಎಂದು ಅಕ್ಕ ಕೊನೆಗೆ ಹೇಳಿದ್ದಳು. ನನಗೆ ಮುಟಗಿಯ ಮೇಲಿನ ಐದು ಬೆರಳಿನ ಅಚ್ಚು ನೆನಪಿದೆ, ಬೊಬ್ಬೆ ನೆನಪಿಲ್ಲ.

ಈ ವಿಷಯವನ್ನು ನಮ್ಮಾಕಿಗೆ ಹೇಳಬಾರದು ಎಂದು ತೀರ್ಮಾನಿಸಿದೆ. ಅಕ್ಕನಿಗೆ ಹೇಳಬೇಡವೆನ್ನಲು ಮತ್ತೆ ಫೋನು ಹಚ್ಚಿದೆ. ಲೈನು ಬಿಡುವಿರಲಿಲ್ಲ. ಹತ್ತು ನಿಮಿಷ ಬಿಟ್ಟು ಹಚ್ಚಿದೆ, ಬಿಡುವಿರಲಿಲ್ಲ. ಶಹಾಪುರಕ್ಕೆ ಹಚ್ಚಿದೆ. ಅದೂ ಬಿಡುವಿರಲಿಲ್ಲ. ಎರಡೂ ಕಡೆ ಯಾಕೆ ಬಿಡುವಿಲ್ಲ ಎಂದು ತಿಳಿಯಲು ಲೆಕ್ಕದ ಮಾಸ್ತರನೇ ಆಗಬೇಕಿರಲಿಲ್ಲ.

ಎಂಟನೆಯ ದಿನ ಆಕೆ ಬಂದಳು. ಏನೂ ಮಾತಾಡಲಿಲ್ಲ. ಕೈಕಾಲು ತೊಳೆದು ಅಡುಗೆಮನೆಗೆ ಹೋದಳು. ಪರಾತದ ಅಂಚಿನಲ್ಲಿ ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆದು ನೋಡಿದಳು. ತಲೆ ಎತ್ತಿ ಅಟ್ಟ ನೋಡಿದಳು. ಅಲ್ಲಿ ಪೇಪರಿನ ತುದಿ ಇಣುಕುತ್ತಿತ್ತು. ಸ್ಟೂಲು ಹಾಕಿ ಗಂಟನ್ನು ಇಳಿಸಿ, ಒಂದೊಂದೇ ರೊಟ್ಟಿ ತೆಗೆದು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಪರೀಕ್ಷೆಯ ಪೇಪರು ತಿದ್ದುವವರಂತೆ ಎರಡು ಭಾಗ ಮಾಡಿದಳು. ಒಂದು ಭಾಗ ಬರೀ ಮುರಿದದ್ದು, ಇನ್ನೊಂದು ಕರಕಾದದ್ದು. ಕರಕಾದದ್ದಕ್ಕೆ ನೀರು ಚಿಮುಕಿಸಿ, ಹಂಚಿನ ಮೇಲೆ ಬಿಸಿ ಮಾಡಿ, ಒಳ್ಳಿಗೆ ಹಾಕಿದಳು. ಬಳ್ಳೊಳ್ಳಿ ಹೆಚ್ಚಿಗೆ ಬಿತ್ತು. ಕುಟ್ಟುವ ಸದ್ದು ಎಂದಿಗಿಂತ ಜೋರಾಗಿತ್ತು, ಅದರಲ್ಲಿ ನನ್ನ ಕಡೆಗೂ ಒಂದಿಷ್ಟು ಪಾಲಿತ್ತು ಎಂದು ನನಗೆ ಅನುಮಾನ.

ಅಂಗೈ ಮೇಲೆ ತಂದಿಟ್ಟಳು. ಐದು ಬೆರಳಿನ ಅಚ್ಚು ಇತ್ತು.

ಬಾಯಿಗಿಟ್ಟೆ. ಹೊಗೆ. ಕಹಿ. ತರಿ. ಅದೇ.

"ಹೆಂಗದರಿ?"

"ಛಲೋ ಅದ," ಎಂದೆ. ಆಕೆ ಕಾದಳು. ಬಾಜೂ ಮನೆಯ ಮುದುಕಿಯೂ ಗ್ವಾಡಿಯ ಮೇಲೆ ಗದ್ದ ಊರಿಕೊಂಡು ಕಾದಳು. ಮೂವತ್ತಮೂರು ವರ್ಷದ ಅಭ್ಯಾಸದಿಂದ ಬಾಯಿ ತೆರೆದೆ, ಮುಂದಿನ ಮಾತು ಬರಲಿಲ್ಲ.

ನಮ್ಮ ಮನೆಯಲ್ಲಿ ಈಗಲೂ ದಿನಾ ಬಿಸಿ ರೊಟ್ಟಿಯೇ. ಮೊಮ್ಮಗಳು ಸೂಟಿಗೆ ಬಂದಾಗ ಬಿಳಿ ಜೋಳದ ಮುಟಗಿ ಆಗುತ್ತದೆ, ಅದು ಅವಳಿಗೆ. ಹಂಚಿನ ಮೇಲೆ ಮರೆತು ಕರಕಾದ ರೊಟ್ಟಿಯನ್ನು ಮೊದಲು ಎಮ್ಮೆಗೆ ಹಾಕುತ್ತಿದ್ದರು. ಈಗ ಹಾಕುವುದಿಲ್ಲ, ನನಗೆಂದು ತೆಗೆದಿಡುತ್ತಾರೆ.